‘ಮೋಟ್ರು ಸುಟ್ಟದ’ ಅಂತ ಯಾರೂ ಹುಡುಕಂಗಿಲ್ಲೇನ್ರಿ?

ಕಳೆದ ದಸರೆಗೆ ಊರಿಗೆ ಹೋಗಿದ್ದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಯಾದಗಿರಿಗೆ ಇಳಿದು, ಬಸ್ಸು ಹತ್ತಿ, ಭೀಮಾ ಸೇತುವೆ ದಾಟಿ ಶಹಾಪುರದ ಮನೆ ಮುಟ್ಟಿದೆ. ಬ್ಯಾಗ್ ಇಟ್ಟು ಚಹಾ ಮುಗಿಸೋದಕ್ಕೂ ಬಿಡದೆ ಕಾಕಾ ತಮ್ಮ ಅಂಗಡಿಗೆ ಕರಕೊಂಡು ಹೋದರು. ಕಾಕಾನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರು, ಕಾಲುವೆ ಮೇಲಿನ ಮೋನೋಬ್ಲಾಕು, ಹಿಟ್ಟಿನ ಗಿರಣಿ ಮೋಟಾರು, ಸುಟ್ಟದ್ದು ಯಾವುದಾದರೂ ಅಲ್ಲಿಗೆ ಬರುತ್ತದೆ.

ಸ್ಟೂಲ್ ಮೇಲೆ ಕೂರಿಸಿ ಫೋನ್ ಕೈಗೆ ಕೊಟ್ಟರು. “ತಮ್ಮಾ, ನೀ ಬೆಂಗ್ಳೂರಾಗ ಇದೇ ಕೆಲಸ ಮಾಡ್ತಿ ಅಲ್ಲ? ಇದೊಂದಿಷ್ಟು ನೋಡು. 18 ಸಾವಿರ ಕೊಟ್ಟೀನಿ. ವರ್ಷ ಆಗ್ಲಾಕ ಬಂತು, ಒಂದು ಫೋನ್ ಬಂದಿಲ್ಲ.”

ನೋಡಿದೆ. ಕಾಕಾನ ವೆಬ್‌ಸೈಟು. ಮೇಲೆ ಹಳದಿ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಇಬ್ಬರು ವಿದೇಶಿಗಳು. ಅದರ ಕೆಳಗೆ ಇಂಗ್ಲಿಷಿನಲ್ಲಿ, ‘ನಾವು ಈ ಕ್ಷೇತ್ರದ ಮುಂಚೂಣಿ ಸೇವಾದಾರರು’ ಅನ್ನೋ ಅರ್ಥದ ನಾಲ್ಕು ಸಾಲು. ಪುಟದ ತುದಿಗೆ ಬೆರಳಿಟ್ಟು ಎಳೆದರೆ ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಹಳ್ಳಿಗಳ ಹೆಸರು. ಕೆಂಭಾವಿ, ಗೋಗಿ, ಸಗರ, ದೋರನಹಳ್ಳಿ, ರಂಗಂಪೇಟೆ, ಕಕ್ಕೇರಾ, ಹುಣಸಗಿ, ವಡಗೇರಾ... ಕಣ್ಣಿಗೆ ಕಾಣಲ್ಲ, ಸೆಲೆಕ್ಟ್ ಮಾಡಿದರೆ ಕಾಣುತ್ತೆ. ಆಮೇಲೆ ಒಂದೊಂದು ಊರಿಗೂ ಒಂದೊಂದು ಪುಟ, ಊರಿನ ಹೆಸರು ಬಿಟ್ಟರೆ ಉಳಿದದ್ದೆಲ್ಲ ಅಕ್ಷರಶಃ ಅದೇ. ಫೋನ್ ನಂಬರ್ ಎಲ್ಲಿದೆ ಅಂತ ಹುಡುಕಿದೆ. ಇತ್ತು, ಒಂದು ಚಿತ್ರದೊಳಗೆ. ಬೆರಳಿಟ್ಟರೆ ಕರೆ ಹೋಗಲ್ಲ.

ನಾಚಿಕೆಯಾಯಿತು. ಯಾಕಂದರೆ ಎರಡು ವರ್ಷದ ಹಿಂದೆ ಕಾಕಾ ನನ್ನನ್ನೇ ಕೇಳಿದ್ದರು. ನಾನು ಮೀಟಿಂಗ್ ನಡುವೆ ಫೋನೆತ್ತಿ, “ಕಾಕಾ, ಯಾರಾದರೂ ಏಜೆನ್ಸಿಯವರ ಹತ್ರ ಎಸ್‌ಇಒ ಮಾಡಿಸಿಬಿಡ್ರಿ” ಅಂದು ಕಟ್ ಮಾಡಿದ್ದೆ. ಸಂಬಳಕ್ಕೆ ನಾನು ಮಾಡುವ ಕೆಲಸ ಅದೇ. ಒಂದು ಆ್ಯಪ್ ಕಂಪನಿಯ ಬರಹಗಳನ್ನು ಜೋಡಿಸಿ, ಹುಡುಕಿದವರಿಗೆ ಸಿಗುವ ಹಾಗೆ ಮಾಡೋದು. ಕಾಕಾನಿಗೆ ಕೊಡಬೇಕಾಗಿದ್ದದ್ದು ಎರಡು ಮಧ್ಯಾಹ್ನ. ಕೊಡಲಿಲ್ಲ.

ಹಾಗಾಗಿ ಈ ಬರಹದ ಸಿಟ್ಟು ಅರ್ಧ ಏಜೆನ್ಸಿಗಳ ಮೇಲೆ, ಅರ್ಧ ನನ್ನಂಥವರ ಮೇಲೆ. ನನ್ನ ವಾದ ಇಷ್ಟೇ. ಹೊಸದಾಗಿ ವೆಬ್‌ಸೈಟ್ ಮಾಡುವವರಿಗೆ ಎಸ್‌ಇಒ ಅನ್ನೋದು ಮಂತ್ರ ಅಲ್ಲ, ಮಸಾಲೆ ಅಲ್ಲ. ಅದು ಜೋಡಣೆ. ಇರೋದನ್ನು ಜನ ಕೇಳುವ ಕ್ರಮದಲ್ಲಿ, ಜನ ಕೇಳುವ ಮಾತಿನಲ್ಲಿ ಇಡೋದು. ಅದನ್ನು ಮಂತ್ರ ಅಂತ ಮಾರುವವರು ನಮ್ಮ ಸಣ್ಣ ಊರುಗಳ ಹಣ ತಿನ್ನುತ್ತಿದ್ದಾರೆ. ಗೊತ್ತಿದ್ದೂ ನಾವು ಸುಮ್ಮನಿದ್ದೇವೆ.

ಮಂತ್ರದ ವಯಸ್ಸು ನೋಡಿ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಒಂದು ಪ್ರಬಂಧ ಬರೆದರು. ಯಾವ ಪುಟಕ್ಕೆ ಯಾರು ಯಾರು ಲಿಂಕ್ ಕೊಟ್ಟಿದ್ದಾರೆ ಅನ್ನೋದರ ಮೇಲೆ ಪುಟದ ತೂಕ ಅಳೆಯಬಹುದು ಅನ್ನೋದು ಅದರ ತಿರುಳು. ಗೂಗಲ್ ಹುಟ್ಟಿದ್ದು ಅಲ್ಲಿಂದ. ತೂಕ ಇದ್ದ ಕಡೆ ಕಲ್ಲು ಬೆರೆಸುವವರೂ ಇರ್ತಾರಲ್ಲ. ಲಿಂಕ್ ಮಾರಿದರು, ಪದ ತುರುಕಿದರು, ಅಕ್ಷರ ಬಚ್ಚಿಟ್ಟರು. ಪುಟದ ತಲೆಯಲ್ಲಿ ಕಾಣದ ಹಾಗೆ ತುಂಬುವ ‘ಮೆಟಾ ಕೀವರ್ಡ್’ ಪಟ್ಟಿಯನ್ನು ನಾವು ನೋಡೋದೇ ಇಲ್ಲ ಅಂತ 2009ರಲ್ಲೇ ಗೂಗಲ್ ಬಹಿರಂಗವಾಗಿ ಹೇಳಿತು. 2011ರಲ್ಲಿ ‘ಪಾಂಡಾ’ ಅನ್ನೋ ಬದಲಾವಣೆ ತಂದು ಜೊಳ್ಳು ಪುಟಗಳನ್ನು ಕೆಳಗೆ ತಳ್ಳಿತು. 2012ರಲ್ಲಿ ‘ಪೆಂಗ್ವಿನ್’ ಬಂದು ಕೊಂಡ ಲಿಂಕುಗಳ ಮೇಲೆ ಬಿತ್ತು. ಬಚ್ಚಿಟ್ಟ ಅಕ್ಷರ, ಊರಿನ ಹೆಸರು ಮಾತ್ರ ಬದಲಿಸಿ ಹೆರುವ ಪುಟ, ಎರಡೂ ಅವರ ನಿಯಮದಲ್ಲಿ ಸ್ಪ್ಯಾಮ್.

ಅಂದರೆ ಕಾಕಾ 18,000 ರೂಪಾಯಿ ಕೊಟ್ಟು ಕೊಂಡದ್ದು ಹತ್ತು ವರ್ಷಕ್ಕೂ ಹಿಂದೆ ಅವಧಿ ಮುಗಿದ ಔಷಧಿ. ಅದೂ ಮೈಗೆ ಒಗ್ಗದ್ದು. ‘ಒಂದೇ ತಿಂಗಳಲ್ಲಿ ಮೊದಲ ಪುಟ, ಗ್ಯಾರಂಟಿ’ ಅಂತ ಅವರ ಕರಪತ್ರದಲ್ಲಿ ಇತ್ತಂತೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡೋದಕ್ಕೆ ಆಗಲ್ಲ ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ.

ಈಗ ಕಾಕಾನ ಅಂಗಡಿ ನೋಡಿ. ಬಾಗಿಲ ಬಲಕ್ಕೆ ಸುಟ್ಟ ಮೋಟಾರುಗಳು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಊರು, ಹೆಸರು, ತಂದ ದಿನ. ಎಡಕ್ಕೆ ರೆಡಿ ಆದವು. ಹಿಂದಿನ ಗೋಡೆಗೆ ತಾಮ್ರದ ತಂತಿಯ ಸುರುಳಿಗಳು, ಗೇಜ್ ಪ್ರಕಾರ. 3 ಎಚ್‌ಪಿ, 5 ಎಚ್‌ಪಿ, 7.5 ಎಚ್‌ಪಿ ಬುಶ್ಶುಗಳು ಬೇರೆ ಬೇರೆ ಡಬ್ಬಿಯಲ್ಲಿ. ದಿನಾ ಬೇಕಾದದ್ದು ಕೈಗೆಟುಕುವಷ್ಟು ದೂರ, ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟದ ಮೇಲೆ. ಕರೆಂಟ್ ಹೋದಾಗ ಕತ್ತಲಲ್ಲೂ ಕಾಕಾನ ಕೈ ಸರಿಯಾದ ಡಬ್ಬಿಗೇ ಹೋಗುತ್ತೆ.

“ಕಾಕಾ, ಇದನ್ನ ಯಾರು ಕಲಿಸಿದ್ರು ನಿಮಗೆ?”

“ಕಲಿಸೋದೇನದ? ಬಂದ ಗಿರಾಕಿ ನಿಂತು ಕಾಯಬಾರ್ದು, ಅಷ್ಟ.”

ಅಷ್ಟ. ಬೆಂಗಳೂರಿನಲ್ಲಿ ಎಸಿ ರೂಮಿನಲ್ಲಿ ಕೂತು ನಾವು ‘ಇನ್‌ಫರ್ಮೇಶನ್ ಆರ್ಕಿಟೆಕ್ಚರ್’ ಅಂತ ಸ್ಲೈಡ್ ಮಾಡೋದು ಇದಕ್ಕೇ. ಅಂಗಡಿ ಜೋಡಿಸಲು ಬರುವವನಿಗೆ ಸೈಟ್ ಜೋಡಿಸಲು ಬರಲ್ಲ ಅಂತ ನಂಬಿಸಿದವರು ಯಾರು? ನಾವೇ.

ಎರಡು ಮಧ್ಯಾಹ್ನ ಕೂತೆವು. ಮೊದಲನೇ ಮಧ್ಯಾಹ್ನ ಕಂಪ್ಯೂಟರ್ ಮುಟ್ಟಲಿಲ್ಲ. ಹಳೆಯ ಬಿಲ್ ಬುಕ್ಕಿನ ಹಿಂಭಾಗದಲ್ಲಿ, ಗಿರಾಕಿಗಳು ಫೋನಿನಲ್ಲಿ ಏನು ಕೇಳ್ತಾರೆ ಅಂತ ಕಾಕಾ ಹೇಳಿದ್ದನ್ನು ಬರಕೊಂಡೆ. ನಾನು ಬರೆದಿದ್ದ ಮೊದಲ ಸಾಲು ‘ವಿದ್ಯುತ್ ಮೋಟಾರ್ ದುರಸ್ತಿ ಸೇವೆಗಳು’. ಕಾಕಾ ನಕ್ಕರು. “ಯಾರೂ ಹಂಗ ಕೇಳಂಗಿಲ್ಲ ತಮ್ಮಾ. ‘ಮೋಟ್ರು ಸುಟ್ಟದ, ಎಷ್ಟಾಗ್ತದ, ಯಾವಾಗ ಕೊಡ್ತಿ?’ ಇಷ್ಟ ಕೇಳ್ತಾರ.” ಪಟ್ಟಿ ಮುಗಿದಾಗ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆ. ಒಂದೇ ಜಾತಿಯವನ್ನು ಒಟ್ಟಿಗೆ ಹಾಕಿದರೆ ಆರು ಗುಂಪು. ಆರು ಗುಂಪು, ಆರು ಪುಟ.

ಒಂದು, ಎಚ್‌ಪಿ ಪ್ರಕಾರ ರಿವೈಂಡಿಂಗ್ ದರ ಮತ್ತು ಎಷ್ಟು ದಿನ ಬೇಕು. ಎರಡು, ಮೋಟಾರ್ ಯಾಕೆ ಸುಡುತ್ತೆ. ಮೂರು, ಬೋರ್‌ವೆಲ್‌ನಿಂದ ಮೋಟಾರ್ ಎತ್ತಿಸುವ ವ್ಯವಸ್ಥೆ. ನಾಲ್ಕು, ಯಾವ ವಾರ ಯಾವ ದಾರಿಗೆ ಗಾಡಿ ಬರುತ್ತೆ. ಐದು, ಹಳೆಯದನ್ನು ರಿಪೇರಿ ಮಾಡಿಸೋದೋ ಹೊಸದು ಕೊಳ್ಳೋದೋ. ಆರು, ವಿಳಾಸ, ಫೋನ್, ಅಂಗಡಿ ತೆರೆಯುವ ಹೊತ್ತು, ರಜಾ ದಿನ.

ಎರಡನೇ ಪುಟಕ್ಕೆ ನಾನೇನೂ ಬರೆಯಲಿಲ್ಲ, ಕಾಕಾ ಹೇಳಿದ್ದನ್ನೇ ಹಾಕಿದೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದ ಎರಡರ ಮೇಲೆ ಭಾರ ಬಿದ್ದು ವೈಂಡಿಂಗ್ ಸುಡುತ್ತೆ. ವೋಲ್ಟೇಜ್ ಕಮ್ಮಿಯಾದರೆ ಮೋಟಾರ್ ಹೆಚ್ಚು ಕರೆಂಟ್ ಎಳೆದು ಕಾಯುತ್ತೆ. ಸಬ್‌ಮರ್ಸಿಬಲ್ ತಣ್ಣಗಿರೋದೇ ಸುತ್ತಲಿನ ನೀರಿನಿಂದ, ಬೋರಿನಲ್ಲಿ ನೀರು ಕೆಳಗಿಳಿದಾಗ ಒಣಗಿಯೇ ಓಡಿಸಿದರೆ ಮುಗೀತು. ಅದಕ್ಕೇ ಪ್ಯಾನಲ್‌ನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸ್ರಿ ಅಂತ ಕೊನೆಗೊಂದು ಮಾತು. “ಇದನ್ನ ಓದಿ ಎಲ್ಲಾರೂ ಹಾಕಿಸ್ಕೊಂಡ್ರ ನನ್ನ ಧಂದೆ ಏನಾಗ್ಬೇಕು?” ಅಂತ ನಕ್ಕರೂ, ತೆಗಿ ಅನ್ನಲಿಲ್ಲ. ಯಾವ ಏಜೆನ್ಸಿಯೂ ಬರೆಯಲಾಗದ ಪುಟ ಅದು. ಜನ ಓದುವ ಪುಟವೂ ಅದೇ.

ಎರಡನೇ ಮಧ್ಯಾಹ್ನ ಜೋಡಣೆ. ಹಳೆಯ ಸೈಟಿನ ಎಲ್ಲ ಪುಟಗಳ ಶೀರ್ಷಿಕೆಯೂ ‘ಹೋಮ್’ ಅಂತಿತ್ತು. ಎಲ್ಲ ಡಬ್ಬಿಗೂ ‘ಡಬ್ಬಿ’ ಅಂತ ಚೀಟಿ ಅಂಟಿಸಿದ ಹಾಗೆ! ಈಗ ಪ್ರತಿ ಪುಟಕ್ಕೂ ಅದರೊಳಗೆ ಇರೋದನ್ನೇ ಹೇಳುವ ಶೀರ್ಷಿಕೆ: ‘ಮೋಟಾರ್ ರಿವೈಂಡಿಂಗ್ ದರ, ಶಹಾಪುರ, ಯಾದಗಿರಿ ಜಿಲ್ಲೆ’. ಪುಟದೊಳಗೆ ದೊಡ್ಡ ತಲೆಬರಹ ಒಂದು, ಅದರ ಕೆಳಗೆ ಸಣ್ಣ ತಲೆಬರಹಗಳು. ‘ಇಲ್ಲಿ ಒತ್ತಿ’ ಅನ್ನೋ ಲಿಂಕುಗಳನ್ನು ಕಿತ್ತು ‘ಎಚ್‌ಪಿ ಪ್ರಕಾರ ದರ ನೋಡಿ’ ಅಂತ ಬರೆದೆವು, ಯಾಕಂದರೆ ಗೂಗಲ್ ಕಳಿಸುವ ಯಂತ್ರ ಒಂದು ಪುಟದಿಂದ ಇನ್ನೊಂದಕ್ಕೆ ಹೋಗೋದು ಲಿಂಕ್ ಹಿಡಿದೇ, ಆಚೆ ಏನಿದೆ ಅಂತ ತಿಳಿಯೋದು ಲಿಂಕಿನ ಮಾತಿನಿಂದಲೇ. ಪುಟದ ವಿಳಾಸಗಳನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆವು. ಕನ್ನಡದಲ್ಲಿ ಇಟ್ಟರೆ ಗೂಗಲ್‌ಗೆ ತೊಂದರೆ ಇಲ್ಲ. ಆದರೆ ವಾಟ್ಸಾಪಿನಲ್ಲಿ ಹಂಚಿದಾಗ ಶೇಕಡಾ ಚಿಹ್ನೆಗಳ ಉದ್ದನೆ ಸಾಲಾಗಿ ಕಾಣಬಹುದು, ಜನ ಹೆದರಿ ಒತ್ತಲ್ಲ. ವಿದೇಶಿಗಳ ಚಿತ್ರ ತೆಗೆದು ಕಾಕಾನ ಅಂಗಡಿ ಫೋಟೋ ಹಾಕಿದೆವು, ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು ಬರೆದು. ಊರೂರಿನ ನಕಲಿ ಪುಟಗಳನ್ನು ಅಳಿಸಿದೆವು. ಫೋನ್ ನಂಬರ್ ಅಕ್ಷರವಾಯಿತು. ಗೂಗಲ್ ಮ್ಯಾಪಿನಲ್ಲಿ ಅಂಗಡಿ ತೋರಿಸುವ ಬಿಸಿನೆಸ್ ಪ್ರೊಫೈಲ್, ಜನ ಏನು ಹುಡುಕಿ ಬಂದರು ಅಂತ ತೋರಿಸುವ ಸರ್ಚ್ ಕನ್ಸೋಲ್, ಎರಡೂ ಪುಕ್ಕಟೆ. 18 ಸಾವಿರದಲ್ಲಿ ಇವೆರಡೂ ಇರಲಿಲ್ಲ.

ಶೀರ್ಷಿಕೆಯಲ್ಲಿ ಜಿಲ್ಲೆಯ ಹೆಸರು ಯಾಕೆ ಅಂತ ಕಾಕಾ ಕೇಳಿದರು. ನಮ್ಮ ಊರುಗಳ ಹೆಸರಿನ ಪಾಡೇ ಹಾಗಿದೆ. ಬರೀ ಶಹಾಪುರ ಅಂದರೆ ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೊಂದು ಶಹಾಪುರ ಇದೆ, ಬೆಳಗಾವಿ ನಗರದೊಳಗೇ ಒಂದು ಶಹಾಪುರ ಇದೆ. ಯಾದಗಿರಿ ಅಂದರೆ ತೆಲಂಗಾಣದ ಯಾದಗಿರಿಗುಟ್ಟ ಪಕ್ಕದಲ್ಲೇ ಬಂದು ನಿಲ್ಲುತ್ತೆ. ಸುರಪುರದ್ದಂತೂ ಕೇಳಬೇಡಿ. ನಾವು ಸುರಪುರ ಅಂತೀವಿ. ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರಲ್ಲಿ ಶೋರಾಪುರ. 1840ರ ದಶಕದಲ್ಲಿ ಅಲ್ಲಿಗೆ ಬಂದು ಬಂಗಲೆ ಕಟ್ಟಿಸಿಕೊಂಡಿದ್ದ ಮೆಡೋಸ್ ಟೇಲರ್ ಬರೆದದ್ದು ಇನ್ನೊಂದು ಸ್ಪೆಲ್ಲಿಂಗು. ಒಂದೇ ಊರು, ಮೂರು ಬಾಗಿಲು. ಎರಡಕ್ಕೆ ಬೀಗ ಹಾಕಿದರೆ ಬಂದವರು ಹಾಗೇ ತಿರುಗಿ ಹೋಗ್ತಾರೆ. ಹಾಗಂತ ಮೂರೂ ಹೆಸರನ್ನು ಐವತ್ತು ಸಲ ತುರುಕಬೇಕಿಲ್ಲ. ‘ಸುರಪುರಕ್ಕೆ (ಶೋರಾಪುರ) ಮಂಗಳವಾರ ಗಾಡಿ ಬರುತ್ತದೆ’ ಅಂತ ಒಮ್ಮೆ ಬರೆದರೆ ಸಾಕು.

ಮೋಟಾರ್ ಅಂಗಡಿಗೆ ಇದು ನಾಲ್ಕು ಗಿರಾಕಿಗಳ ಮಾತು. ನಮ್ಮ ಭಾಗದ ಚರಿತ್ರೆಗೆ ಇದೇ ಹೆಸರಿನ ಗೊಂದಲ ಎಷ್ಟು ದುಬಾರಿ ಗೊತ್ತೇ? ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಅದಕ್ಕೂ ಮುಂಚಿನ ದಾಖಲೆಗಳಲ್ಲಿ ನಾವು ಗುಲ್ಬರ್ಗ ಜಿಲ್ಲೆ. ಆ ಗುಲ್ಬರ್ಗ 2014ರಲ್ಲಿ ಕಲಬುರಗಿ ಆಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದ ಆದಿಮಾನವರ ಕಲ್ಲಿನ ಕಾರ್ಖಾನೆ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಅಂದಾಜು. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬ ಇದೆ. ಇವುಗಳ ಬಗ್ಗೆ ಬಂದ ಒಳ್ಳೊಳ್ಳೆ ಪ್ರಬಂಧಗಳು ಇಂಗ್ಲಿಷಿನಲ್ಲಿ, ‘ಗುಲ್ಬರ್ಗ ಜಿಲ್ಲೆ’ ಅನ್ನೋ ವಿಳಾಸದಲ್ಲಿ ಕೂತಿವೆ. ‘ಯಾದಗಿರಿ ಇತಿಹಾಸ’ ಅಂತ ಕನ್ನಡದಲ್ಲಿ ಹುಡುಕುವ ಹುಣಸಗಿಯ ಹುಡುಗಿಗೂ ಆ ಪ್ರಬಂಧಕ್ಕೂ ನಡುವೆ ಸೇತುವೆ ಇಲ್ಲ. ಸೇತುವೆ ಅಂದರೆ ದೊಡ್ಡ ಯೋಜನೆ ಅಲ್ಲ. ಕನ್ನಡದಲ್ಲಿ ಒಂದು ಪುಟ, ಅದರಲ್ಲಿ ‘ಹಿಂದೆ ಗುಲ್ಬರ್ಗ ಜಿಲ್ಲೆಗೆ ಸೇರಿದ್ದ’ ಅನ್ನೋ ಒಂದು ಸಾಲು, ಮೂಲಕ್ಕೆ ಒಂದು ಲಿಂಕು.

ಕನ್ನಡದಲ್ಲಿ ಬರೆದೇ ಇಲ್ಲವೇ? ಬರೆದಿದ್ದಾರೆ. ನಮ್ಮೂರ ಮೇಷ್ಟ್ರುಗಳು ಜಾತ್ರೆ, ಶಾಸನ, ಸುರಪುರದ ನಾಯಕರು, ಅಲ್ಲಿಯ ಚಿತ್ರಕಲೆ, ತಿಂಥಣಿ ಮೌನೇಶ್ವರ ಎಲ್ಲದರ ಬಗ್ಗೆ ಬರೆದಿದ್ದಾರೆ. ಆದರೆ ಎಷ್ಟೋ ಬರಹ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿದೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇನ್ನಷ್ಟು ಸ್ಕ್ಯಾನ್ ಮಾಡಿದ ಪಿಡಿಎಫ್, ಹೆಸರು ‘ಸ್ಕ್ಯಾನ್ 12’. ಉಳಿದದ್ದು ವಾಟ್ಸಾಪಿನಲ್ಲಿ ಓಡಾಡುವ ಪೋಸ್ಟರು. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪುಕ್ಕಟೆ ಸಾಧನಗಳಿವೆ. ಅಪ್ಪನ ಗೆಳೆಯರೊಬ್ಬರು 30 ವರ್ಷದ ಟಿಪ್ಪಣಿಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದಾರೆ. ಅವರ ಬದುಕಿನ ಕೆಲಸ ಒಂದು ಫಾಂಟಿನ ಬೀಗದೊಳಗೆ ಇದೆ, ಕೀಲಿ ಕೈ ನಮ್ಮ ಲ್ಯಾಪ್‌ಟಾಪಿನಲ್ಲಿದೆ, ನಾವು ವೀಕೆಂಡಿನಲ್ಲಿ ಸಿರೀಸ್ ನೋಡ್ತಾ ಇದ್ದೀವಿ.

ಇದಕ್ಕೆ ನನ್ನ ಸಹೋದ್ಯೋಗಿಗಳ ಉತ್ತರ ನನಗೆ ಗೊತ್ತು. ಮೊದಲನೆಯದು: “ಕೀವರ್ಡ್ ಟೂಲ್ ನೋಡು ಮಾರಾಯಾ, ಕನ್ನಡದಲ್ಲಿ ಹುಡುಕುವವರೇ ಇಲ್ಲ. ವಾಲ್ಯೂಮ್ ಸೊನ್ನೆ.” ಆ ಟೂಲಿನ ಅಂಕಿಗಳು ಅಂದಾಜು. ತೀರಾ ಕಮ್ಮಿ ಇದ್ದದ್ದನ್ನು ಅದು ಸೊನ್ನೆ ಅಂತಲೇ ತೋರಿಸಬಹುದು. ಒಬ್ಬ ಕನ್ನಡದಲ್ಲಿ ಟೈಪ್ ಮಾಡ್ತಾನೆ, ಒಬ್ಬ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೀತಾನೆ, ಇನ್ನೊಬ್ಬ ಮೈಕ್ ಒತ್ತಿ ಮಾತಾಡ್ತಾನೆ. ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಚದುರಿದರೆ ಒಂದೊಂದೂ ಸೊನ್ನೆಯೇ. ಮೋಟ್ರು ಸುಟ್ಟ ರೈತ ಸೊನ್ನೆ ಅಲ್ಲ. ತೊಗರಿಗೋ ಹತ್ತಿಗೋ ಮೆಣಸಿನಕಾಯಿಗೋ ನೀರು ಬಿಡಲು ಆಗದೆ ಹೊಲದಲ್ಲಿ ನಿಂತವನಿಗೆ ಇವತ್ತು ಸಂಜೆಯೊಳಗೆ ಉತ್ತರ ಬೇಕು.

ಎರಡನೆಯದು: “ಈಗ ಎಲ್ಲ ವಾಟ್ಸಾಪು, ಇನ್‌ಸ್ಟಾಗ್ರಾಮು. ಸೈಟ್ ಯಾರಿಗೆ ಬೇಕು?” ವಾಟ್ಸಾಪ್ ಸ್ಟೇಟಸ್ 24 ತಾಸಿಗೆ ಮಾಯ. ಕಾಕಾನ ನಂಬರ್ ಇದ್ದವರಿಗೆ ಮಾತ್ರ ಅದು ಕಾಣೋದು. ನಂಬರ್ ಇದ್ದವರು ಹೇಗೂ ಫೋನ್ ಮಾಡ್ತಾರೆ.

ಮೂರನೆಯದು ಹೊಸದು: “ಇನ್ನು ಮೇಲೆ ಎಐ ಉತ್ತರ ಕೊಡುತ್ತೆ, ಎಸ್‌ಇಒ ಸತ್ತಿತು.” 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟಿನಲ್ಲಿ ಭಾರತದಲ್ಲಿ, ಗೂಗಲ್ ಹುಡುಕಾಟದ ತಲೆಯ ಮೇಲೆ ಎಐ ಬರೆದ ಉತ್ತರ ತೋರಿಸಲು ಶುರು ಮಾಡಿತು, ನಿಜ. ಆದರೆ ಆ ಉತ್ತರವೂ ಯಾರೋ ಬರೆದಿಟ್ಟ ಪುಟಗಳಿಂದಲೇ ಬರಬೇಕು. ನಮ್ಮ ಬಗ್ಗೆ ನಾವು ಬರೆಯದಿದ್ದರೆ ಯಂತ್ರ ಸುಮ್ಮನಿರಲ್ಲ. ಶಹಾಪುರದ ಪ್ರಶ್ನೆಗೆ ಠಾಣೆಯ ಉತ್ತರ ಕೊಟ್ಟು, ಅದನ್ನೂ ಬಹಳ ವಿಶ್ವಾಸದಿಂದ ಹೇಳುತ್ತೆ.

ಜೋಡಿಸಿದ ಮಾತ್ರಕ್ಕೆ ಮೊದಲ ಸ್ಥಾನ ಸಿಗುತ್ತಾ? ಇಲ್ಲ. ದೊಡ್ಡ ಡೈರೆಕ್ಟರಿ ಸೈಟುಗಳು ಇವತ್ತಿಗೂ ಕಾಕಾನ ಮೇಲೆ ಕೂತಿವೆ, ಒಳಗೆ ತೆರೆದರೆ ಹಳೆಯ ನಂಬರು, ಇಲ್ಲದ ಅಂಗಡಿ. ಅವುಗಳ ಎದುರು ಆರು ಪುಟದ ಸೈಟು ಎಲ್ಲದರಲ್ಲೂ ಗೆಲ್ಲಲ್ಲ. ಆದರೆ ಅವರು ಕೇಳಿಸಿಕೊಳ್ಳದ ಪ್ರಶ್ನೆಗೆ ಉತ್ತರ ನಮ್ಮ ಹತ್ರ ಇದೆ. ಸರ್ಚ್ ಕನ್ಸೋಲ್ ತೆರೆದರೆ ಈಗ ದರದ ಪುಟಕ್ಕಿಂತ ಹೆಚ್ಚು ಜನ ಬರ್ತಿರೋದು ‘ಮೋಟಾರ್ ಯಾಕೆ ಸುಡುತ್ತೆ’ ಪುಟಕ್ಕೆ. ಬಂದವರೆಲ್ಲ ಗಿರಾಕಿಗಳಲ್ಲ. ಸಂಕ್ರಾಂತಿ ಹೊತ್ತಿಗೆ ಕಾಕಾ ಫೋನ್ ಮಾಡಿ, ಕೆಂಭಾವಿ ಕಡೆಯ ಒಬ್ಬರು ಓದಿ ಫೋನ್ ಮಾಡಿದ್ದರು, ಪ್ರಿವೆಂಟರ್ ಕೂಡಿಸಿ ಕೊಡ್ರಿ ಅಂದರು ಅಂತ ಹೇಳಿದರು. ಒಂದು ಫೋನು. 18 ಸಾವಿರಕ್ಕೆ ಬಾರದ್ದು.

ನೀವು ಈ ಪುಸ್ತಕವನ್ನು ಮೆಟ್ರೋದಲ್ಲೋ ಬಿಎಂಟಿಸಿ ಬಸ್ಸಿನಲ್ಲೋ ಓದ್ತಾ ಇರಬಹುದು. ನಿಮಗೂ ಊರಲ್ಲಿ ಒಬ್ಬ ಕಾಕಾ ಇರ್ತಾರೆ, ಅತ್ತೆಯ ಹೊಲಿಗೆ ಅಂಗಡಿ ಇರುತ್ತೆ, ಗೆಳೆಯನ ಟ್ಯೂಷನ್ ಇರುತ್ತೆ, ಪೆನ್‌ಡ್ರೈವ್ ಹಿಡಿದ ಮೇಷ್ಟ್ರು ಇರ್ತಾರೆ. ‘ಯಾರ ಹತ್ರಾನಾದರೂ ಮಾಡಿಸಿಬಿಡಿ’ ಅಂತ ಮುಂದಿನ ಸಲ ಹೇಳೋದಕ್ಕೆ ಮುಂಚೆ ಅವರ ಅಂಗಡಿಗೆ ಹೋಗಿ ಸ್ಟೂಲ್ ಮೇಲೆ ಕೂತು, ಬರುವವರು ಏನು ಕೇಳ್ತಾರೆ ಅಂತ ಒಂದು ಮಧ್ಯಾಹ್ನ ಬರಕೊಳ್ಳಿ. ಅವರದೇ ಮಾತಿನಲ್ಲಿ. ತಿದ್ದಬೇಡಿ.

ನಾನು ಯುಗಾದಿಗೆ ಮತ್ತೆ ಹೋಗ್ತಿದ್ದೀನಿ. ಮೇಷ್ಟ್ರ ಪೆನ್‌ಡ್ರೈವ್ ಕೇಳಿದ್ದೀನಿ, ಕೊಡ್ತೀನಿ ಅಂದಿದ್ದಾರೆ. ಒಳಗೆ ಒಂದೇ ಫೋಲ್ಡರ್ ಇದೆಯಂತೆ, ಅದರ ಹೆಸರು ‘ಎಲ್ಲಾ’.